ಅತ್ತೆಯ ಜೊತೆ ಬಿಸಿನೀರಿಗೆ

ಅತ್ತೆಯನ್ನು ಬಿಸಿನೀರಿನ ಬುಗ್ಗೆಗೆ ಕರೆದುಕೊಂಡು ಹೋಗಿ ಎಂದವರು ಡಾಕ್ಟರು. ಮಂಡಿನೋವಿಗೆ ಗುಳಿಗೆ ಬರೆದುಕೊಟ್ಟು ಬರೆದುಕೊಟ್ಟು ಅವರಿಗೂ ಸಾಕಾಗಿತ್ತೇನೋ. ‘ವಾಸಿ ಆಗುತ್ತೆ ಅಂತ ಹೇಳಲ್ಲ. ಹಾಯಾಗಂತೂ ಅನ್ಸುತ್ತೆ’ ಎಂದರು. ಹೀಗಾಗಿ ಒಂದು ಭಾನುವಾರ ಅತ್ತೆ, ಅಳಿಯ ಇಬ್ಬರೂ ಬೆಟ್ಟದ ಕಡೆ ಹೋಗುವ ಬಸ್ಸು ಹತ್ತಿ, ನಡುವೆ ಒಂದು ಚೀಲ ಇಟ್ಟುಕೊಂಡು ಕುಳಿತರು.

ಅಳಿಯ ಹಲ್ಲಿನ ಸೆಟ್ ಮಾಡುವವನು. ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮನೆಯ ಕಿಟಕಿ ಪಕ್ಕದ ಮೇಜಿನಲ್ಲಿ ದಿನವಿಡೀ ಮೇಣ ಕರಗಿಸಿ, ತಿದ್ದಿ, ಉಜ್ಜಿ ಹೊಳಪು ಕೊಡುತ್ತ ಕೂರುವ ಕೆಲಸ. ಅತ್ತೆಯ ಬಾಯಲ್ಲಿದ್ದ ಹಲ್ಲೂ ಅವನ ಕೈಯದೇ. ‘ನೀವು ಮಾಡಿಕೊಟ್ಟ ಹಲ್ಲಿನಿಂದಲೇ ನಮ್ಮಮ್ಮ ನಿಮ್ಮನ್ನ ಬೈತಾಳೆ ನೋಡ್ತಿರಿ’ ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು. ನಿಜ ಹೇಳಬೇಕೆಂದರೆ ಅವರಿಬ್ಬರ ನಡುವೆ ಬೈಯುವಷ್ಟು ಸಲಿಗೆಯೇ ಇರಲಿಲ್ಲ. ಏನಿದ್ದರೂ ಅವಳ ಮೂಲಕ. ‘ಅಳಿಯಂದ್ರಿಗೆ ಟೀ ಬೇಕಾ ಕೇಳು’ ಎಂದು ಅಡುಗೆಮನೆಯಿಂದ ಅತ್ತೆ. ‘ನಿಮ್ಮಮ್ಮ ಮಾತ್ರೆ ತಗೊಂಡ್ರಾ ಕೇಳು’ ಎಂದು ಮೇಜಿನಿಂದ ಇವನು. ಅವಳು ನಡುವೆ ನಿಂತು, ಇಬ್ಬರ ಮಾತಿಗೂ ತನ್ನದಿಷ್ಟು ಉಪ್ಪು ಖಾರ ಹಚ್ಚಿ ದಾಟಿಸುತ್ತಿದ್ದಳು.

ಅವಳು ಕಾಯಿಲೆ ಬಿದ್ದಾಗ ನೋಡಿಕೊಳ್ಳಲೆಂದು ಬಂದ ಅತ್ತೆ, ಅವಳು ಹೋದ ಮೇಲೂ ಉಳಿದುಕೊಂಡರು. ಹೋಗಿ ಎಂದು ಇವನು ಹೇಳಲಿಲ್ಲ, ಇರುತ್ತೇನೆ ಎಂದು ಅವರೂ ಹೇಳಲಿಲ್ಲ. ವರ್ಷ ಕಳೆಯಿತು. ಮನೆಯ ಮಾತು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಷ್ಟಕ್ಕೆ ಬಂದು ನಿಂತಿತು. ಹಾಲು ಬಂತು. ನಲ್ಲಿ ಸೋರ್ತಿದೆ. ಊಟ ಆಗಿದೆ. ಅವಳ ಹೆಸರು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ತಾನು ಎತ್ತಿದರೆ ಅವರಿಗೆ ನೋವಾದೀತು ಎಂದು ಇವನು, ಇವನಿಗೆ ನೋವಾದೀತು ಎಂದು ಅವರು. ಈಚೆಗೆ ಭಾವಮೈದುನ ಫೋನ್ ಮಾಡಿ, ಅಮ್ಮನನ್ನು ಇನ್ನು ನಮ್ಮಲ್ಲಿಗೇ ಕಳಿಸಿಬಿಡಿ ಎಂದಿದ್ದ. ಅತ್ತೆ ಬಟ್ಟೆ ಮಡಚುತ್ತ ಕೇಳಿಸಿಕೊಂಡರು. ಇವನೂ ತುಟಿಪಿಟಕ್ಕೆನ್ನಲಿಲ್ಲ.

ಬಸ್ಸು ಕಣಿವೆಯ ಅಂಚಿನಲ್ಲಿ ಇಳಿಸಿ ಹೋಯಿತು. ಕೆಳಗೆ ಇಳಿಯಲು ಕಲ್ಲು ಹಾಸಿದ ಕಾಲುದಾರಿ. ಅವನು ಕೈ ಚಾಚಿದ. ‘ಬೇಡ ಬೇಡ, ನಾನೇ ಬರ್ತೀನಿ’ ಎಂದರು ಅತ್ತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಅವನ ಭುಜದ ಮೇಲೆ ಕೈ ಬಂದು ಕುಳಿತಿತು. ಅವನು ತಿರುಗಿ ನೋಡದೆ ನಡಿಗೆ ನಿಧಾನ ಮಾಡಿದ. ಎರಡೂ ಕಡೆ ಬೆಟ್ಟ ಕಡಿದಾಗಿ ಎದ್ದಿತ್ತು. ತಳದಲ್ಲಿ ತೆಳ್ಳಗಿನ ಹೊಳೆ. ಅದರ ಪಕ್ಕದ ಬಂಡೆಗಳ ಸಂದಿಯಿಂದ ಬಿಳಿ ಹಬೆ ಏಳುತ್ತಿತ್ತು. ಹತ್ತಿರ ಹೋದಂತೆ ಬೆಂಕಿಕಡ್ಡಿ ಗೀರಿದಂಥ ವಾಸನೆ ಮೂಗಿಗೆ ಬಡಿಯಿತು.

ಬುಗ್ಗೆಯ ಮೇಲೆ ತಗಡಿನ ಮಾಡಿನ ಹಳೆಯ ಕಲ್ಲು ಕಟ್ಟಡ. ಒಳಗಿದ್ದದ್ದು ಒಂದೇ ಉದ್ದನೆಯ ಕೊಳ. ನಡುವೆ ಗೋಡೆ ಕಟ್ಟಿ ಈ ಕಡೆ ಗಂಡಸರಿಗೆ, ಆ ಕಡೆ ಹೆಂಗಸರಿಗೆ ಎಂದು ಮಾಡಿದ್ದರು. ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಬಾಗಿಲಲ್ಲಿ ತೋಳಿನ ಮೇಲೆ ಟವೆಲ್ಲುಗಳನ್ನು ಹೇರಿಕೊಂಡ ಮೇಲ್ವಿಚಾರಕಿ ನಿಂತಿದ್ದಳು.

‘ಮೊದಲ ಸಲಾನಾ? ತಲೆ ಸುತ್ತಿದ್ರೆ ಕೂಗಿ. ಯಾರೂ ಧೈರ್ಯ ತೋರಿಸೋದು ಬೇಡ’ ಎಂದಳು.

ಅತ್ತೆ ಗೋಡೆಯ ಕಡೆ ತಿರುಗಿ ಏನೋ ಮಾಡಿ, ಕರ್ಚೀಫಿನ ಗಂಟೊಂದನ್ನು ಅವನ ಕೈಗಿತ್ತರು. ‘ನೀರಿಗೆ ಬಿದ್ರೆ ಹುಡುಕೋದು ಕಷ್ಟ, ಇಟ್ಕೊಂಡಿರಿ’ ಎಂದರು, ಬಾಯಿಗೆ ಕೈ ಅಡ್ಡ ಹಿಡಿದು. ಅದರಲ್ಲಿ ಹಲ್ಲಿನ ಸೆಟ್ ಇತ್ತು. ಆ ಹಲ್ಲುಗಳ ಒಂದೊಂದು ಅಂಚೂ ಅವನಿಗೆ ಗೊತ್ತು. ಅವಿಲ್ಲದ ಅತ್ತೆಯ ಮುಖವನ್ನು ಮಾತ್ರ ಅವನು ಕಂಡಿರಲಿಲ್ಲ.

ಗಂಡಸರ ಕಡೆ ಇದ್ದದ್ದು ಒಬ್ಬರೇ ಮುದುಕರು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕುತ್ತಿಗೆಯವರೆಗೆ ಮುಳುಗಿ ಕುಳಿತಿದ್ದರು. ತಾನು ಬಸ್ ಕಂಡಕ್ಟರ್ ಆಗಿದ್ದವನು ಎಂದು ಕೇಳುವ ಮೊದಲೇ ಹೇಳಿಕೊಂಡರು. ನೀರು ಮೊದಲು ಚುರುಗುಟ್ಟಿ ಆಮೇಲೆ ಮೈಗೆ ಒಗ್ಗಿತು. ಇವನಿಗೆ ಮಾತ್ರ ಸಮಾಧಾನವಿಲ್ಲ. ಆ ಕಡೆ ಅತ್ತೆ ಜಾರಿಗೀರಿ ಬಿದ್ದರೆ?

‘ಅತ್ತೆ, ಸರಿಯಾಗಿದ್ದೀರಾ?’ ಎಂದು ಕೂಗಿದ.

‘ಹೂಂ.’

ಸ್ವಲ್ಪ ಹೊತ್ತಿಗೆ ಮತ್ತೆ, ‘ಅತ್ತೆ, ತಲೆ ಸುತ್ತುತ್ತಿಲ್ಲ ತಾನೆ?’

ಆ ಕಡೆ ಹೆಂಗಸರು ನಕ್ಕ ಸದ್ದು. ‘ಎಷ್ಟು ಅಕ್ಕರೆ ಅಳಿಯಂಗೆ! ಮಗಳು ಬರ್ಲಿಲ್ವಾ?’ ಎಂದು ಯಾರೋ ಕೇಳಿದರು.

ಆಮೇಲೆ ಅತ್ತೆಯ ದನಿ. ‘ಇಲ್ಲಮ್ಮ. ಹೋದ ವರ್ಷ ತೀರ್ಕೊಂಡ್ಳು.’

ಹಲ್ಲಿಲ್ಲದ ಮಾತು ಅಲ್ಲಲ್ಲಿ ಜಾರುತ್ತಿತ್ತು. ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದರೋ ಏನೋ, ಆ ತಗಡಿನ ಮಾಡು ಪ್ರತಿ ಅಕ್ಷರವನ್ನೂ ಎತ್ತಿ ಈ ಕಡೆಗೆ ಹಾಕುತ್ತಿತ್ತು. ‘ಮಗ ಕರೀತಿದ್ದಾನೆ, ಹೋಗಿಬಿಡ್ತೀನಿ. ಮಗಳೇ ಇಲ್ಲದ ಮೇಲೆ ಅಳಿಯನ ಮನೇಲಿ ಯಾವ ಮುಖ ಇಟ್ಕೊಂಡು ಇರ್ಲಿ? ಅವರು ಒಳ್ಳೆಯವರು, ಹೋಗಿ ಅಂತ ಹೇಳೋರಲ್ಲ. ಅದಕ್ಕೇ ನಾನೇ ತಿಳ್ಕೊಂಡು ಹೊರಡ್ಬೇಕು.’

ಕಂಡಕ್ಟರ್ ಅವನ ಮುಖವನ್ನೇ ನೋಡುತ್ತಿದ್ದರು.

‘ನಿಮ್ಮ ಅತ್ತೇನಾ?’

‘ಹೂಂ.’

‘ಹೋದ್ರೆ ಹೋಗ್ಲಿ ಅಂತ ಇದೆಯಾ?’

‘ಇಲ್ಲ ಸಾರ್.’

‘ಮತ್ತೆ ಬಾಯಿ ಬಿಡಪ್ಪ! ಬಸ್ಸು ಹೊರಟ ಮೇಲೆ ಕೈ ಅಡ್ಡ ಹಾಕಿದ್ರೆ ಯಾರು ನಿಲ್ಲಿಸ್ತಾರೆ?’

ಅವನು ಎದ್ದು ನಿಂತ. ಎದುರಿಗಿದ್ದದ್ದು ಪಾಚಿಗಟ್ಟಿದ ಗೋಡೆ. ಮುಖ ಕಾಣುತ್ತಿದ್ದರೆ ಆ ಮಾತು ಅವನಿಂದ ಬರುತ್ತಲೇ ಇರಲಿಲ್ಲ.

‘ಅತ್ತೆ, ಹೋಗ್ಬೇಡಿ.’

ಗೋಡೆಗೆ ಇನ್ನಷ್ಟು ಹತ್ತಿರ ಹೋದ.

‘ನೀವೂ ಹೋದ್ರೆ ಅವಳ ಬಗ್ಗೆ ಮಾತಾಡೋಕೆ ಆ ಮನೇಲಿ ಯಾರಿರ್ತಾರೆ?’

ಗೋಡೆಯಾಚೆಯಿಂದ ಅತ್ತೆಯ ದನಿ ಬಂತು. ‘ನಾನು ಇದ್ದೂ ನಾವು ಮಾತಾಡ್ಲಿಲ್ವಲ್ಲ.’

ಅವನು ಬಿಸಿನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಎರಚಿಕೊಂಡ. ಬಾಯಿಗೆ ಬಂದದ್ದನ್ನು ಹೇಳಿದ. ‘ಅವಳು ಸಿಳ್ಳೆ ಹೊಡೀತಿದ್ಳು, ಗೊತ್ತಾ ನಿಮಗೆ?’

‘ಸಿಳ್ಳೆ? ನನ್ನ ಮಗಳಾ?’

‘ಪಾತ್ರೆ ತೊಳೆಯುವಾಗ. ನೀವು ಬಂದ್ರೆ ನಿಲ್ಲಿಸಿಬಿಡ್ತಿದ್ಳು.’

‘ಅಯ್ಯೋ ಕಳ್ಳಿ!’ ಎಂದರು ಅತ್ತೆ. ನಕ್ಕರು. ಆ ನಗು ಅರ್ಧಕ್ಕೇ ಅಳುವಾಯಿತು; ಹೆಂಗಸರಲ್ಲಿ ಯಾರೋ ‘ಇರಲಿ ಬಿಡಿ, ಅತ್ತುಬಿಡಿ’ ಎನ್ನುವುದು ಕೇಳಿಸಿತು. ಮೂಗು ಸೀಟಿಕೊಂಡು ಅತ್ತೆ ತಾವೂ ಒಂದು ಹೇಳಿದರು. ಚಿಕ್ಕವಳಿದ್ದಾಗ ಬಟ್ಟೆಯ ಬೀರುವಿನಲ್ಲಿ ನಾಯಿಮರಿ ಬಚ್ಚಿಟ್ಟು, ವಾಸನೆ ಬಂದಾಗ ಅದು ತಮ್ಮನ ಕಾಲುಚೀಲದ್ದು ಎಂದುಬಿಟ್ಟಿದ್ದಳಂತೆ. ಪಾಪ, ಅವನಿಗೆ ಮೂರು ಸಲ ಕಾಲು ತೊಳೆಸಿದ್ದರಂತೆ. ಕಂಡಕ್ಟರ್ ನೀರು ಬಡಿದು ಬಡಿದು ನಕ್ಕರು. ಕೊನೆಗೆ ಮೇಲ್ವಿಚಾರಕಿಯೇ ಬಂದು, ‘ಇನ್ನೂ ಇದ್ರೆ ಬೆಂದುಹೋಗ್ತೀರಿ, ಏಳಿ’ ಎಂದು ಎರಡೂ ಕಡೆಯವರನ್ನು ಎಬ್ಬಿಸಿದಳು.

ಹೊರಗೆ ಕಲ್ಲುಬೆಂಚಿನ ಮೇಲೆ ಇಬ್ಬರೂ ಕುಳಿತರು. ಅತ್ತೆಯ ಮುಖ ಕೆಂಪಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಅವನು ಕರ್ಚೀಫಿನ ಗಂಟು ಕೊಟ್ಟ. ಅವರು ಈ ಸಲ ಮುಖ ತಿರುಗಿಸದೆಯೇ ಹಲ್ಲು ಹಾಕಿಕೊಂಡರು.

‘ಮಗನಿಗೆ ಬರ್ತೀನಿ ಅಂತ ಮಾತು ಕೊಟ್ಟಾಗಿದೆ’ ಎಂದರು. ‘ಹೋಗ್ಲೇಬೇಕು.’

‘ಆಗ್ಲಿ ಅತ್ತೆ.’

‘ಆಗ್ಲಿ ಅಂದ್ರೆ? ಯಾವಾಗ ವಾಪಸ್ ಬರ್ತೀರಿ ಅಂತ ಕೇಳ್ಬೇಕು.’

‘ಯಾವಾಗ ಬರ್ತೀರಿ?’

‘ಸೊಸೆಗೆ ನಾನು ಸಾಕೆನಿಸೋ ಮೊದಲೇ.’

ಹೇಳಿದಂತೆ ಹೋದರು, ಚಳಿ ಶುರುವಾಗುವ ಮೊದಲು ತಿರುಗಿ ಬಂದರು. ಬಂದ ವಾರವೇ ಅವರಿಬ್ಬರಿಗೂ ಮೊದಲ ಜಗಳವಾಯಿತು. ಮಲಗುವ ಕೋಣೆಯ ಹಳದಿ ಪರದೆಯನ್ನು ಅವನು ಒಗೆಯಲು ಇಳಿಸುತ್ತ, ಇದು ಅವಳಿಗೆ ಇಷ್ಟವೇ ಇರಲಿಲ್ಲ, ನೀವು ಕೊಟ್ಟಿದ್ದು ಅಂತ ಹಾಕಿದ್ದಳು ಎಂದುಬಿಟ್ಟ. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. ‘ಸುಳ್ಳು! ಅಂಗಡೀಲಿ ನನ್ನ ಜೊತೆ ನಿಂತು ಅವಳೇ ಆರಿಸಿದ್ದು!’ ‘ನಿಮಗೆ ಬೇಜಾರಾಗ್ಬಾರ್ದು ಅಂತ ಆರಿಸಿದ್ಳು!’ ‘ನನ್ನ ಮಗಳು ನನಗೆ ಗೊತ್ತಿಲ್ವಾ?’ ‘ನನ್ನ ಹೆಂಡತಿ ನನಗೆ ಗೊತ್ತಿಲ್ವಾ?’

ದನಿ ಎಷ್ಟು ಏರಿತೆಂದರೆ ಕೆಳಗಿನ ಮನೆಯಾಕೆ ಗಾಬರಿಯಿಂದ ಮೇಲೆ ಬಂದು ಬಾಗಿಲು ತಟ್ಟಿದಳು.

‘ಏನಿಲ್ಲಮ್ಮ, ಮಗಳ ವಿಷಯ ಮಾತಾಡ್ತಿದ್ವಿ’ ಎಂದರು ಅತ್ತೆ. ಬಾಗಿಲು ಹಾಕಿಕೊಂಡು, ಒಳಗೆ ಬಂದು, ನಿಲ್ಲಿಸಿದ ಕಡೆಯಿಂದಲೇ ಮತ್ತೆ ಶುರುಮಾಡಿದರು.