ನೀಲಿ ಪ್ಲೇಟಿನ ಗಾಡಿ

“ನಾಳೆ ಚೆನ್ನಾಗಿ ಕುಂಟಬೇಕು ಕಣೇ. ಇಲ್ಲಿ ಓಡಾಡೋ ಹಾಗೆ ಅಲ್ಲೂ ಸರಸರ ಅಂತ ನಡೆದ್ಯೋ, ಇರೋ ಇನ್ನೊಂದು ಕಾಲನ್ನೂ ಮುರೀತೀನಿ.”

ಲಾಂಡ್ರಿಯ ಯಜಮಾನ ಇದನ್ನು ನಗುನಗುತ್ತಲೇ ಹೇಳಿದ. ಪಕ್ಕದಲ್ಲಿ ಗಂಟು ಕಟ್ಟುತ್ತಿದ್ದ ಅವನ ಭಾಮೈದನೂ ನಕ್ಕ. ಕುಂಟಿ ನಗಲಿಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತಿತ್ತು, ಬರುತ್ತಿತ್ತು. ಬಟ್ಟೆಯನ್ನು ನಾಲ್ಕಾಗಿ ಮಡಚಿ, ಮೂಲೆಯನ್ನು ಎರಡು ಸಲ ಒಳಕ್ಕೆ ತಿರುವಿ, ರಾಶಿಗೆ ಸೇರಿಸಿ, ಇನ್ನೊಂದನ್ನು ಎಳೆದುಕೊಂಡಳು.

“ಕೇಳಿಸ್ತೇನೇ?”

“ಕೇಳಿಸ್ತು ಯಜಮಾನ್ರೇ.”

“ಏನಂದೆ ಹೇಳು.”

“ಚೆನ್ನಾಗಿ ಕುಂಟಬೇಕು.”

“ಹ್ಞಾ. ಗಾಡಿ ಯಾರದ್ದು ಅಂದ್ರೆ?”

“ನಂದು.”

“ಯಾರು ಓಡಿಸ್ತಾರೆ?”

“ನಾನೇ.”

“ಜಾಣೆ.” ಅವನು ಭಾಮೈದನ ಕಡೆ ತಿರುಗಿದ. “ಬೆಳಿಗ್ಗೆ ಇವಳನ್ನೂ ಗಂಟಿನ ಜೊತೆ ಹೇರ್ಕೊಂಡು ಬಾ. ನಾನು ಕಾರಲ್ಲಿ ಬರ್ತೀನಿ.”

ಅವರಿಬ್ಬರೂ ಹೊರಗೆ ಹೋದ ಮೇಲೆ ಒಗೆಯುವ ತೊಟ್ಟಿಯ ಕಡೆಯಿಂದ ಸೋಡದಕ್ಕ ಬಂದಳು. ಇಪ್ಪತ್ತು ವರ್ಷ ಒಗೆಯುವ ಸೋಡದಲ್ಲಿ ಅದ್ದಿ ಅದ್ದಿ ಅವಳ ಅಂಗೈ ಬಿಳಿಚಿಕೊಂಡು, ಗೆರೆಗಳೇ ಅಳಿಸಿಹೋಗಿದ್ದವು. ಅವಳು ಕುಂಟಿಯ ಮುಂಗೈ ಹಿಡಿದು ಪಕ್ಕಕ್ಕೆ ಎಳೆದಳು.

“ಏನೇ ಇದು, ಚರ್ಮ ಸುಡ್ತಾ ಇದೆ. ಗೊತ್ತಾಗ್ಲಿಲ್ವಾ?”

ಪೆಟ್ಟಿಗೆಯ ಅಂಚು ಮುಂಗೈಗೆ ತಾಗಿ ಬೆರಳುದ್ದ ಕೆಂಪು ಗೆರೆ ಎದ್ದಿತ್ತು. ಕುಂಟಿ ಅದನ್ನು ನೋಡಿದಳು.

“ಇಲ್ಲ ಕಣಕ್ಕ.”

“ಅವ್ವ ಹೋದಾಗಿಂದ ನೀನು ಹಿಂಗೇ ಆಗಿದ್ದೀಯ,” ಎಂದು ಸೋಡದಕ್ಕ ಒದ್ದೆ ಬಟ್ಟೆಯ ಚೂರನ್ನು ಗೆರೆಯ ಮೇಲಿಟ್ಟು ತನ್ನ ತೊಟ್ಟಿಗೆ ಹೋದಳು.

ಗಾಡಿ ಬಂದು ಐದು ವರ್ಷವಾಗಿತ್ತು. ಅದೊಂದು ಸಣ್ಣ ಸ್ಕೂಟರು, ಹಿಂದೆ ಆಚೆಗೊಂದು ಈಚೆಗೊಂದು ಪುಟ್ಟ ಚಕ್ರ. ಕಾಲಿಲ್ಲದವರು ಕೈಯಲ್ಲೇ ಓಡಿಸಬಹುದು. ಅದನ್ನು ಕೊಳ್ಳುವ ಮೊದಲು ಯಜಮಾನ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಇಂಥ ಗಾಡಿಗೆ ಪರವಾನಗಿ ಕೊಡುವ ಕಚೇರಿಗೆ ಕರೆದೊಯ್ದಿದ್ದ. “ನಿನಗೇ ಕಣೇ ಇದು. ಮನೆಯಿಂದ ನಡೆದು ನಡೆದು ಬರ್ತೀಯ, ಪಾಪ,” ಎಂದಿದ್ದ. ಅವಳು ಕಾಲಿನ ಸರ್ಟಿಫಿಕೇಟು ಕೊಟ್ಟಳು, ಫೋಟೋ ಕೊಟ್ಟಳು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಮನೆಗೆ ಬಂದು ಅವ್ವನಿಗೆ ಹೇಳಿದಳು. ಅವ್ವ ಅಂದೇ ಹಳೆಯ ಬಟ್ಟೆಗಳನ್ನು ತುಂಬಿ ಸೀಟಿಗೊಂದು ಮೆತ್ತೆ ಹೊಲಿದಳು.

ಮೂರು ದಿನ ಅವಳು ಅದನ್ನು ನಂಬಿದ್ದಳು. ನಾಲ್ಕನೆಯ ದಿನ ಕೆಲಸಕ್ಕೆ ಹೋದಾಗ ಗಾಡಿಯ ಹಿಂದೆ ಕಬ್ಬಿಣದ ಕಟಕಟೆ ಬೆಸೆದಿದ್ದರು, ಅದರ ತುಂಬ ಗಂಟುಗಳಿದ್ದವು, ಮೆತ್ತೆಯ ಮೇಲೆ ಭಾಮೈದ ಕೂತಿದ್ದ.

ಯಜಮಾನನಿಗೆ ಬೇಕಿದ್ದದ್ದು ಗಾಡಿಯಲ್ಲ, ಅದರ ಹಿಂದಿನ ನೀಲಿ ಪ್ಲೇಟು, ಅದರ ಮೇಲಿನ ಗಾಲಿಕುರ್ಚಿಯ ಚಿತ್ರ. ಆ ಪ್ಲೇಟಿದ್ದರೆ ಬೇರೆ ಗಾಡಿಗಳನ್ನು ಬಿಡದ ಮಾರುಕಟ್ಟೆ ಓಣಿಗೆ ನುಗ್ಗಬಹುದು. ಹೋಟೆಲುಗಳ ಬಾಗಿಲಲ್ಲೇ ನಿಲ್ಲಿಸಬಹುದು. ಆಸ್ಪತ್ರೆಯಲ್ಲಂತೂ ಮೆಟ್ಟಿಲ ಬುಡದಲ್ಲೇ ನೀಲಿ ಬಣ್ಣದ ಚೌಕವಿತ್ತು; ಉಳಿದ ಲಾಂಡ್ರಿಯವರು ಗೇಟಿನಾಚೆ ಗಾಡಿ ಬಿಟ್ಟು ಗಂಟು ಹೊತ್ತು ನಡೆಯುವಷ್ಟರಲ್ಲಿ ಭಾಮೈದ ಒಗೆದ ಬಟ್ಟೆ ಕೊಟ್ಟು, ಕೊಳೆಬಟ್ಟೆ ತುಂಬಿಕೊಂಡು ವಾಪಸಾಗಿರುತ್ತಿದ್ದ. ಯಾರಾದರೂ ಕೇಳಿದರೆ, “ನಮ್ಮ ಕುಂಟಿ ಒಳಗೆ ಹೋಗಿದ್ದಾಳೆ,” ಅನ್ನುತ್ತಿದ್ದ.

ಕುಂಟಿ ನಡೆದೇ ಬರುತ್ತಿದ್ದಳು, ನಡೆದೇ ಹೋಗುತ್ತಿದ್ದಳು. ಕೈಕಾಲಿಲ್ಲದವರಿಗೆ ಬಸ್ಸಿನ ಪಾಸು ಕೊಡುತ್ತಾರೆಂದು ಒಮ್ಮೆ ಕೇಳಲು ಹೋದಳು. ಕಿಟಕಿಯೊಳಗಿನ ಹೆಂಗಸು ಕಂಪ್ಯೂಟರ್ ನೋಡಿ, “ನಿಮ್ಮ ಹೆಸರಲ್ಲಿ ಗಾಡಿ ಇದೆಯಲ್ಲಮ್ಮ. ಗಾಡಿ ಇಟ್ಕೊಂಡು ಪಾಸಿಗೂ ಬಂದಿದ್ದೀರಲ್ಲ, ಇಲ್ಲದೋರು ಏನು ಮಾಡ್ಬೇಕು?” ಅಂದಳು. ಹಿಂದೆ ನಿಂತಿದ್ದವರು ಗೊಣಗಿದರು. ಕುಂಟಿ ಕೋಲೂರಿಕೊಂಡು ಸಾಲಿನಿಂದ ಹೊರಗೆ ಬಂದಳು.

ಅವ್ವ ಹೋದದ್ದು ಆರು ವಾರದ ಹಿಂದೆ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿ ಎರಡು ದಿನವಾಗಿತ್ತು. ವಾರ್ಡಿನಿಂದ ಲಾಂಡ್ರಿಗೆ ಫೋನು ಬಂದಾಗ ಎತ್ತಿದವನು ಯಜಮಾನ. ಮಾತಾಡಿ, ಇಟ್ಟು, ಟೀ ಕುಡಿದು, ಬಂದು ಹೇಳಿದ: “ನಿಮ್ಮವ್ವಂಗೆ ಜೋರಾಗಿದೆಯಂತೆ. ಆ ರಾಶಿ ಮುಗಿಸಿಬಿಟ್ಟು ಹೋಗು.”

“ಗಾಡೀಲಿ ಬಿಡ್ತಾರಾ ಯಜಮಾನ್ರೇ?”

“ಗಾಡಿ ಡೆಲಿವರಿಗೆ ಹೋಗಿದೆ.”

ಅವಳು ರಾಶಿ ಮುಗಿಸಿ ನಡೆದಳು. ಸಣಕಲು ಕಾಲನ್ನು ಕೈಯಿಂದ ಎತ್ತಿ ಎತ್ತಿ ಮುಂದಿಡುತ್ತ, ಆಗಾಗ ಅಂಗಡಿಗಳ ಗೋಡೆಗೆ ಒರಗುತ್ತ, ಮುಕ್ಕಾಲು ಗಂಟೆ ನಡೆದಳು. ಆಸ್ಪತ್ರೆಯ ಮೆಟ್ಟಿಲ ಬುಡದ ಚೌಕದಲ್ಲಿ ಗಾಡಿ ನಿಂತಿತ್ತು. ಭಾಮೈದ ಅದರ ಮೇಲೆ ಅಡ್ಡ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. “ಅರೆ, ನೀನೇನೇ ಇಲ್ಲಿ?” ಅಂದ.

ಮೇಲೆ ವಾರ್ಡಿನಲ್ಲಿ ಅವ್ವನ ಮಂಚ ಖಾಲಿಯಿತ್ತು. ಹೊಸ ಹಾಸಿಗೆ ಬಟ್ಟೆ ಹಾಕಿಯಾಗಿತ್ತು. ಆ ಮಡಿಕೆ ಯಾರದ್ದೆಂದು ನೋಡಿದೊಡನೆ ಅವಳಿಗೆ ಗೊತ್ತಾಯಿತು. ಮೂಲೆ ಎರಡು ಸಲ ಒಳಕ್ಕೆ ತಿರುವಿದ ಗುರುತು ಹಾಗೇ ಉಳಿದಿತ್ತು. ನರ್ಸು ಏನೇನೋ ಹೇಳುತ್ತಿದ್ದಳು, ಕಾಲು ಗಂಟೆ ಮುಂಚೆ ಬಂದಿದ್ದರೆ ಅಂತೇನೋ. ಕುಂಟಿ ಹಾಸಿಗೆಯ ಮೇಲಿದ್ದ ಒಂದು ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿದಳು. ಮೂರನೆಯ ದಿನ ಕೆಲಸಕ್ಕೆ ಬಂದಳು.

ಈಗ ಪ್ಲೇಟಿನ ಐದು ವರ್ಷದ ಅವಧಿ ಮುಗಿದಿತ್ತು. ಹೊಸದು ಬೇಕೆಂದರೆ ಕುಂಟಿಯೇ ಕಚೇರಿಗೆ ಹೋಗಿ ಕಾಲು ತೋರಿಸಬೇಕಿತ್ತು.

ಮರುದಿನ ಕಚೇರಿಯ ಅಂಗಳದಲ್ಲಿ ಅಂಥವೇ ಹತ್ತು ಹದಿನೈದು ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ಗಂಟುಗಳ ನಡುವೆ ಮುದುಡಿ ಕೂತು ಬಂದ ಕುಂಟಿಯನ್ನು ಭಾಮೈದ ಇಳಿಸಿ, ಸೀಟಿನ ಮೇಲೆ ಕೂರಿಸಿ, ತಾನು ಎರಡು ಮಾರು ದೂರ ಹೋಗಿ ನೆರಳಲ್ಲಿ ನಿಂತ. ಪಕ್ಕದ ಗಾಡಿಯಲ್ಲಿ ಮೊಣಕಾಲಿನಿಂದ ಕೆಳಗೆ ಏನೂ ಇಲ್ಲದ ಒಬ್ಬ ಬೀಗ ರಿಪೇರಿಯವನಿದ್ದ. ಹ್ಯಾಂಡಲಿನ ತುಂಬ ಕೀಲಿಗೊಂಚಲು ನೇತುಹಾಕಿಕೊಂಡಿದ್ದ.

“ಎಷ್ಟು ವರ್ಷ ಆಯ್ತಕ್ಕ ಓಡ್ಸೋಕೆ ಹಿಡಿದು?”

“ಇವತ್ತೇ ಮೊದಲು ಕೂತಿರೋದು.”

ಅವನು ಗಂಟುಗಳನ್ನು ನೋಡಿದ. ನೆರಳಲ್ಲಿ ಹಲ್ಲುಕಡ್ಡಿ ಕಚ್ಚುತ್ತಿದ್ದ ಭಾಮೈದನನ್ನು ನೋಡಿದ. “ನಮ್ಮ ಬೀದೀಲೂ ಇಂಥವು ಎರಡಿವೆ,” ಎಂದ. “ಒಂದರ ಯಜಮಾನಿ ಸತ್ತು ಎರಡು ವರ್ಷ ಆಯ್ತು. ಗಾಡಿ ಓಡ್ತಾನೇ ಇದೆ.”

ಅಧಿಕಾರಿ ಮೆಟ್ಟಿಲಿಳಿದು ಬಂದ. ಜೊತೆಗೊಬ್ಬ ಗುಮಾಸ್ತ, ಅವನ ಕೈಯಲ್ಲಿ ಕಡತ, ಅಳತೆ ಪಟ್ಟಿ, ಹೆಗಲಲ್ಲಿ ಕ್ಯಾಮೆರಾ. ಕುಂಟಿಯ ಸರದಿ ಬಂದಾಗ ಯಜಮಾನನೂ ಕಾರಿನಿಂದಿಳಿದು ಬಂದು ಕೈಜೋಡಿಸಿದ. “ನಮ್ಮ ಲಾಂಡ್ರೀಲಿ ಕೆಲಸ ಮಾಡೋಳು ಸಾರ್. ಇಂಥೋರಿಗೆ ನಾವಲ್ದೆ ಇನ್ಯಾರು?”

“ಕಾಲು ತೋರ್ಸಮ್ಮ.”

ಅವಳು ಬಟ್ಟೆಯನ್ನು ಮೊಣಕಾಲ ತನಕ ಎತ್ತಿದಳು.

“ಇನ್ನೂ ಮೇಲೆ. ಪೂರ್ತಿ ಕಾಣ್ಬೇಕು.”

ಎತ್ತಿದಳು. ಗುಮಾಸ್ತ ಪಟ್ಟಿ ಸುತ್ತಿ ತೊಡೆಯ ಅಳತೆ ತೆಗೆದ, ಒಂದು ಸಲಕ್ಕೆ ಸರಿಬರಲಿಲ್ಲವೆಂದು ಇನ್ನೊಂದು ಸಲ ತೆಗೆದ. ಅಧಿಕಾರಿ ಹಳೆಯ ಕಾಗದ ನೋಡಿ, “ಐದು ವರ್ಷದಲ್ಲಿ ಒಂದಿಷ್ಟೂ ಬೆಳೆದಿಲ್ವಲ್ಲಮ್ಮ ನಿನ್ನ ಕಾಲು,” ಎಂದ. ಗುಮಾಸ್ತ ಕಿಸಕ್ಕೆಂದ. ಯಜಮಾನ ಎಲ್ಲರಿಗಿಂತ ಜೋರಾಗಿ ನಕ್ಕ.

“ನಡೆದು ತೋರ್ಸು. ಆ ಗೋಡೆ ತನಕ. ಕೋಲು ಬೇಡ.”

“ಕೋಲಿಲ್ದೆ ಆಗಲ್ಲ ಸಾರ್.”

“ಅದನ್ನೇ ನಾನು ನೋಡ್ಬೇಕಲ್ಲ.”

ಅವಳು ಕೋಲನ್ನು ಗಾಡಿಗೆ ಒರಗಿಸಿ ನಡೆದಳು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಮಗುಚಿ ಬಿದ್ದಳು. ಅಂಗೈಗೆ ಜಲ್ಲಿ ಹೊಕ್ಕಿತು. ಯಾರೂ ಎತ್ತಲು ಬರಲಿಲ್ಲ, ಬರಬಹುದಾದವರಿಗೆ ಕಾಲಿರಲಿಲ್ಲ. ಅಧಿಕಾರಿ ಬರೆದುಕೊಳ್ಳುತ್ತಿದ್ದ. ಯಜಮಾನ ಮೆಚ್ಚಿಕೊಂಡವನಂತೆ ತಲೆಯಾಡಿಸಿದ. ಅವಳು ಅಂಡಿನ ಮೇಲೆ ತೆವಳಿಕೊಂಡು ಗಾಡಿಯ ತನಕ ಬಂದು, ಚಕ್ರ ಹಿಡಿದು ಎದ್ದಳು.

“ಗಾಡಿ ಯಾರದ್ದಮ್ಮ?”

“ನಂದು.”

“ನೀನೇ ಓಡಿಸ್ತೀಯ?”

“ನಾನೇ.”

“ಕೂತ್ಕೋ, ಫೋಟೋಕ್ಕೆ. ಕೀ ಕೈಯಲ್ಲಿ ಹಿಡ್ಕೋ, ಕಾಣ್ಬೇಕು.”

ಭಾಮೈದ ಓಡಿಬಂದು ಜೇಬಿನಿಂದ ಕೀ ತೆಗೆದು ಅವಳ ಅಂಗೈಗಿಟ್ಟ. ಗುಮಾಸ್ತ ಫೋಟೋ ಹೊಡೆದ. ಒಬ್ಬ ಜವಾನ ಹಳೆಯ ಪ್ಲೇಟು ಬಿಚ್ಚಿ ಹೊಳೆಯುವ ಹೊಸ ನೀಲಿ ಪ್ಲೇಟಿಗೆ ತಿರುಪು ಬಿಗಿದ. ಇನ್ನೈದು ವರ್ಷ. ಅಧಿಕಾರಿ ಕಾಗದಕ್ಕೆ ಸೀಲು ಒತ್ತಿಸಿ ಅವಳ ಕೈಗೇ ಕೊಟ್ಟು, ಬೀಗದವನ ಕಡೆ ತಿರುಗಿದ.

“ಸರಿ, ಇಳಿ,” ಎಂದ ಭಾಮೈದ. “ಆಸ್ಪತ್ರೆಗೆ ಲೇಟಾಯ್ತು. ನೀನು ನಡ್ಕೊಂಡು ಅಂಗಡಿಗೆ ಹೋಗು.”

ಕುಂಟಿ ಇಳಿಯಲಿಲ್ಲ. ಇಳಿಯಬಾರದೆಂದು ಅವಳೇನೂ ಯೋಚಿಸಿರಲಿಲ್ಲ. ಮೈ ಕದಲಲಿಲ್ಲ, ಅಷ್ಟೆ.

“ಇಳಿಯೇ ಅಂದ್ರೆ.”

ಅವಳು ಕಾಗದವನ್ನು ಮಡಚಿ ರವಿಕೆಯೊಳಗೆ ಸೇರಿಸಿದಳು. ಯಜಮಾನ ಹತ್ತಿರ ಬಂದ. ಅಧಿಕಾರಿ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದುದರಿಂದ ಮುಖದ ತುಂಬ ನಗು ಇಟ್ಟುಕೊಂಡು, ಅವಳ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ ಶುರುಮಾಡಿದ:

“ಲೇ ಸೂಳೆಮುಂಡೆ. ಏನಾಟ ಇದು? ಅನ್ನ ಹಾಕಿದ್ದಕ್ಕೆ ನಮ್ಮ ಮೇಲೇ ಕೂತ್ಕೋತೀಯ? ಕೀ ಕೊಡು. ಇಲ್ಲ ಅಂದ್ರೆ ಅಂಗಡಿಗೆ ಬಾ, ಪೆಟ್ಟಿಗೆ ಕಾಯಿಸಿ ಮುಖಕ್ಕೇ ಇಡ್ತೀನಿ.”

“ನಂದು ಅಂತ ನೀವೇ ಹೇಳಿಸಿದ್ರಲ್ಲ ಯಜಮಾನ್ರೇ,” ಎಂದಳು ಕುಂಟಿ. ಅವಳು ಪಿಸುಗುಟ್ಟಲಿಲ್ಲ. ಯಾವಾಗಲೂ ಮಾತಾಡುವ ದನಿಯಲ್ಲೇ ಹೇಳಿದಳು.

ಅಧಿಕಾರಿ ತಲೆಯೆತ್ತಿದ. “ಏನ್ರೀ ಅದು?”

“ಏನಿಲ್ಲ ಸಾರ್. ಹೊಸ ಪ್ಲೇಟು ಬಂತಲ್ಲ, ಖುಷೀಲಿದ್ದಾಳೆ.”

ಬೀಗದವನು ಗುಮಾಸ್ತನ ಅಳತೆ ಪಟ್ಟಿಗೆ ತನ್ನ ಮೋಟು ಕಾಲು ಚಾಚಿ ಕೂತಿದ್ದ. ಕತ್ತು ತಿರುಗಿಸದೆ ಹೇಳಿದ: “ಕೀ ತಿರುಗ್ಸಕ್ಕ. ಎಡಗೈ ಬ್ರೇಕು, ಅದನ್ನ ಹಿಡ್ಕೊಂಡು ಕೆಂಪು ಗುಂಡಿ ಒತ್ತು. ಆಮೇಲೆ ಬ್ರೇಕು ಬಿಟ್ಟು ಬಲಗೈ ತಿರುಗ್ಸು. ಮೆಲ್ಲಗೆ. ಒಲೆ ಉರಿ ಏರಿಸ್ದಂಗೆ.”

“ನಿನಗ್ಯಾಕೋ ಬೋಳಿಮಗನೇ,” ಎಂದು ಭಾಮೈದ ಹಲ್ಲು ಕಚ್ಚಿದ.

ಅವಳು ಕೀ ತಿರುಗಿಸಿದಳು, ಗುಂಡಿ ಒತ್ತಿದಳು. ಗಾಡಿ ನಡುಗಿತು. ಬಲಗೈ ತಿರುಗಿಸಿದಾಗ ಮುಗ್ಗರಿಸಿ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಸಾಲಿನಲ್ಲಿದ್ದವರು ದಾರಿ ಬಿಟ್ಟರು.

ಗೇಟಿನಾಚೆ ಭಾಮೈದ ಓಡಬೇಕಾಗಲಿಲ್ಲ. ಗಾಡಿ ಅಷ್ಟು ನಿಧಾನವಾಗಿತ್ತು. ಕಟಕಟೆಯನ್ನು ಹಿಡಿದುಕೊಂಡು ಪಕ್ಕದಲ್ಲೇ ನಡೆಯುತ್ತ ಬೈಯುತ್ತಿದ್ದ. “ಎಡಕ್ಕೆ ತಿರುಗೇ ಹಲ್ಕಟ್ ಮುಂಡೆ, ಎಡಕ್ಕೆ.” ಅವಳು ನೇರ ಹೋದಳು. ಹ್ಯಾಂಡಲು ಎಷ್ಟು ತಿರುಗಿಸಿದರೆ ಗಾಡಿ ಮಗುಚುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಜಮಾನನ ಕಾರು ಹಾರ್ನ್ ಮಾಡುತ್ತಿತ್ತು. ಕಿಟಕಿಯಿಂದ ತಲೆ ಹೊರಹಾಕಿ ಅವನು ಕೂಗಿದ: “ನಾಳೆಯಿಂದ ಕೆಲಸಕ್ಕೆ ಬರ್ಬೇಡ.”

“ಬರಲ್ಲ,” ಎಂದಳು ಕುಂಟಿ. ಅವನಿಗೆ ಕೇಳಿಸಿರಲಾರದು.

ಬಸ್ಸಿಗೆ ಕಾಯುತ್ತಿದ್ದ ಜನ ಇತ್ತ ನೋಡಿದರು. ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ರಸ್ತೆಗೇ ಇಳಿದು ಬಂದು ಭಾಮೈದನನ್ನು ತಡೆದಳು. “ಯಾಕಪ್ಪಾ, ಕಾಲಿಲ್ಲದ ಹೆಂಗ್ಸಿನ ಗಾಡಿ ಹಿಡ್ಕೊಂಡು ಎಳೀತಿದ್ದೀಯ? ಮನೇಲಿ ಅಕ್ಕತಂಗೀರಿಲ್ವಾ?” ಇನ್ನಿಬ್ಬರು ಅವಳ ಹಿಂದೆ ಬಂದರು. “ಇದು ನಮ್…” ಎಂದು ಬಾಯಿ ತೆರೆದ ಭಾಮೈದ ಅಲ್ಲಿಗೇ ನಿಲ್ಲಿಸಿದ. ಕಟಕಟೆಯಿಂದ ಅವನ ಕೈ ಜಾರಿತು.

ಕುಂಟಿಗೆ ಸಂತೋಷವೂ ಆಗಲಿಲ್ಲ, ಭಯವೂ ಆಗಲಿಲ್ಲ. ಇಂಜಿನ್ನಿನ ನಡುಕ ಅಂಗೈಯ ಗಾಯದಿಂದ ಮೊಣಕೈ ತನಕ ಏರುತ್ತಿತ್ತು, ಅದು ಮಾತ್ರ ಗೊತ್ತಾಗುತ್ತಿತ್ತು.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಎಡಗೈ ಬಿಗಿಹಿಡಿದಳು. ಗಾಡಿ ಒಂದು ಬಸ್ಸಿಗೂ ಒಂದು ಲಾರಿಗೂ ನಡುವೆ ನಿಂತಿತು. ಸುತ್ತ ಹೊಗೆ. ಪಕ್ಕದ ಪುಟ್ಟ ಕನ್ನಡಿಯಲ್ಲಿ ಐದಾರು ಗಾಡಿ ಹಿಂದೆ ಯಜಮಾನನ ಕಾರು ಕಂಡಿತು. ಅದರ ಬಾಗಿಲು ತೆರೆಯಿತು. ಅವನು ಇಳಿದು, ಅಂಗಿಯ ತೋಳು ಮಡಿಸಿಕೊಳ್ಳುತ್ತ, ಗಾಡಿಗಳ ಸಂದಿಯಲ್ಲಿ ಮೈ ಓರೆಮಾಡಿಕೊಂಡು ಬರತೊಡಗಿದ.

ಕಂಬದ ಮೇಲೆ ಅಂಕಿಗಳು ಇಳಿಯುತ್ತಿದ್ದವು. ಹತ್ತೊಂಬತ್ತು. ಹದಿನೆಂಟು. ಅವಳು ಬಲಗೈಯನ್ನು ಹಿಡಿಯ ಮೇಲಿಟ್ಟು ಆ ಅಂಕಿಗಳನ್ನೂ ಕನ್ನಡಿಯನ್ನೂ ನೋಡುತ್ತ ಕೂತಳು. ಅವನು ಮೂರು ಗಾಡಿ ಹಿಂದಿದ್ದ. ಹದಿನಾಲ್ಕು. ಹದಿಮೂರು. ಅವನು ಎರಡು ಗಾಡಿ ಹಿಂದಿದ್ದ.