ಇಂದುಬಾಯಿ ಸಾರಿಸಿದ ನೆಲ

ನಮ್ಮ ಮೈಂದರ್ಗಿ ಊರಿನ ಹೆಣ್ಣುಮಕ್ಕಳಿಗೆ ನೆಲ ಕಪ್ಪಗೆ ಹೊಳೆಯಬೇಕು. ಬರೀ ಸಗಣಿ ಸಾಲದು. ಟಾರ್ಚಿನ ತೀರಿದ ಶೆಲ್ಲು ಒಡೆದು, ಅದರ ಕರಿ ಪುಡಿಯನ್ನು ಸಗಣಿಗೆ ಕಲಸಿ ಸಾರಿಸುತ್ತಾರೆ. ಇಂದುಬಾಯಿ ಇದರಲ್ಲಿ ಎತ್ತಿದ ಕೈ.

೧೯೭೪ರ ಬೇಸಿಗೆಯಲ್ಲಿ ಅವಳ ಮಗ ಕಲ್ಲಣ್ಣ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯನ್ನು ಕೊಡಲಿಯಿಂದ ಒಡೆದು ಸೀಸದ ತುಂಡು ತೆಗೆದುಕೊಂಡ. ಒಂದು ಬುಟ್ಟಿಯಷ್ಟು ಕರಿ ಪುಡಿ ಉಳಿಯಿತು. ಶೆಲ್ಲಿನ ಪುಡಿಯ ಹಾಗೇ ಇದೆಯಲ್ಲ ಎಂದು ಇಂದುಬಾಯಿ ಅಡುಗೆಮನೆ, ಪಡಸಾಲೆ ಎರಡನ್ನೂ ಸಾರಿಸಿದಳು. ಮಿಕ್ಕಿದ್ದನ್ನು ಪಕ್ಕದ ಮನೆಯ ಗುರುಲಿಂಗಮ್ಮನಿಗೆ ಕೊಟ್ಟಳು.

ಎರಡೇ ತಿಂಗಳಲ್ಲಿ ಮೊಮ್ಮಗಳು ಸೋಮವ್ವ ತೀರಿಕೊಂಡಳು. ಹದಿನಾಲ್ಕು ತಿಂಗಳ ಕೂಸು. ಮೊದಲು ಹೊಟ್ಟೆನೋವು, ಆಮೇಲೆ ವಾಂತಿ, ಕೊನೆಗೆ ಫಿಟ್ಸು. ದೃಷ್ಟಿ ತೆಗೆಯುತ್ತ ಕೂತರು. ಸೊಲ್ಲಾಪುರದ ದವಾಖಾನೆಗೆ ಒಯ್ದು, ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಹನ್ನೊಂದು ದಿನ ಕಳೆದ ಮೇಲೆ ಊರಿನ ನರ್ಸ್ ಸುಮಿತ್ರಾಬಾಯಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ನೆಲ ನೋಡಿದಳು.

"ಕೂಸಿನ ರಕ್ತದಾಗ ಸೀಸದ ಗುರ್ತು ಸಿಕ್ಕ್ಯದ ಅಂತ ಡಾಕ್ಟರು ಹೇಳ್ಯಾರ. ನೆಲಕ್ಕ ಏನ್ ಹಾಕಿ ಸಾರಿಸೀರಿ?"

"ಎಲ್ಲಾರೂ ಹಾಕೂದ ಹಾಕೀನಿ. ಬ್ಯಾಟರಿ ಪುಡಿ. ಇಷ್ಟ ವರ್ಷ ಯಾರಿಗೇನ್ ಆಗ್ಯದ?"

"ಯಾವ ಬ್ಯಾಟರಿದು?"

"ಟ್ರ್ಯಾಕ್ಟರಿಂದು."

"ಶೆಲ್ಲಿಂದೂ ಛಲೋ ಅಲ್ರಿ. ಇದರಾಗಂತೂ ಬರೇ ಸೀಸ, ವಿಷ. ನೆಲ ಒಣಗಿದ ಮ್ಯಾಲ ಧೂಳಾಗಿ ಏಳ್ತದ. ಕೂಸು ನೆಲದಾಗ ಹರದಾಡ್ತದ, ಅದ ಕೈ ಬಾಯಾಗ ಇಟ್ಕೋತದ."

"ನನ್ನ ಕೂಸಿಗಿ ದೃಷ್ಟಿ ಆಗಿತ್ತು," ಎಂದು ಇಂದುಬಾಯಿ ಮುಖ ತಿರುಗಿಸಿದಳು.

ಪಾಪ, ಬೇರೆ ಏನು ಅಂದಾಳು? ನರ್ಸ್ ಹೇಳಿದ್ದು ಖರೆ ಆದರೆ ಕೂಸಿಗೆ ವಿಷ ಉಣಿಸಿದ್ದು ಅವಳದೇ ಕೈ. ಯಾವ ಅಜ್ಜಿ ಅದನ್ನು ಒಪ್ಪಿಯಾಳು?

ಸೊಸೆ ನೀಲಗಂಗಾ ಒಲೆಯ ಮುಂದೆ ಕೂತಿದ್ದಳು. ಮಗಳು ಹೋದಾಗಿನಿಂದ ಮಾತೇ ಬಿಟ್ಟಿದ್ದಳು. ಈಗ ತಲೆಯೆತ್ತಿದಳು.

"ಅತ್ತಿ, ಗುರುಲಿಂಗಮ್ಮನ ಮೊಮ್ಮಗ ಖಂಡಪ್ಪ ಮೂರು ದಿನದಿಂದ ಹೊಟ್ಟಿ ಹಿಡಕೊಂಡು ಅಳಾಕತ್ತಾನ. ಅವನಿಗೂ ದೃಷ್ಟಿ ಆಗ್ಯದೇನ್ರಿ?"

ಇಂದುಬಾಯಿ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಎದ್ದು ಪಕ್ಕದ ಮನೆಗೆ ನಡೆದಳು. ನರ್ಸ್ ಬಾಯಿ ಹಿಂದೆಯೇ ಹೋದಳು.

"ಗುರುಲಿಂಗಮ್ಮ, ಖಂಡಪ್ಪನ್ನ ಎತ್ಕೋ. ನೆಲಕ್ಕ ಬಿಡಬ್ಯಾಡ. ನಾ ಕೊಟ್ಟ ಪುಡಿ ವಿಷ ಅದ. ನನ್ನ ಸೋಮವ್ವ ಅದರಿಂದನ ಹೋಗ್ಯಾಳ. ಇವನ್ನರ ಉಳಿಸ್ಕೋ."

ನರ್ಸ್ ಬಾಯಿ ಮಧ್ಯಾಹ್ನದ ಬಸ್ಸಿಗೇ ಖಂಡಪ್ಪನನ್ನು ಸೊಲ್ಲಾಪುರಕ್ಕೆ ಒಯ್ದಳು. ತಿಂಗಳೊಪ್ಪತ್ತು ದವಾಖಾನೆಯಲ್ಲಿದ್ದು ಹುಡುಗ ಬದುಕಿ ಬಂದ. ಆದರೆ ಇಂದಿಗೂ ಒಂದು ಕಾಲು ಎಳೆಯುತ್ತಾನೆ. ಇತ್ತ ಕಲ್ಲಣ್ಣ ಎರಡೂ ಮನೆಯ ನೆಲಕ್ಕೆ ನೀರು ಚಿಮುಕಿಸಿ, ಧೂಳು ಏಳದಂತೆ ಕೆರೆದು, ಆ ಮಣ್ಣನ್ನು ಬಾವಿಯಿಂದ ದೂರ ಆಳದ ಗುಂಡಿಯಲ್ಲಿ ಹೂತ. ಗುಂಡಿ ತೋಡುವಾಗ ಅವನು ಅತ್ತದ್ದನ್ನು ಓಣಿಯವರೆಲ್ಲ ನೋಡಿದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಹಳೆಯ ಬ್ಯಾಟರಿಯನ್ನು ಒಡೆಯಬೇಡಿ, ಒಲೆಯಲ್ಲಿ ಕರಗಿಸಬೇಡಿ. ಹೊಸದನ್ನು ಕೊಂಡ ಅಂಗಡಿಗೆ ಇದ್ದ ಹಾಗೇ ಮರಳಿಸಿ; ಅದರ ಸೀಸ ಕಾರ್ಖಾನೆಯಲ್ಲಿ ಮತ್ತೆ ಬಳಕೆಗೆ ಬರುತ್ತದೆ. ಶೆಲ್ಲಿನ ಪುಡಿಯನ್ನೂ ನೆಲಕ್ಕೆ ಹಾಕಬೇಡಿ, ಬರೀ ಸಗಣಿ ಸಾಕು. ಕೂಸು ಬಿಳಚಿಕೊಂಡು ಹೊಟ್ಟೆ ಹಿಡಿದು ಅತ್ತರೆ ದೃಷ್ಟಿ ತೆಗೆಯುತ್ತ ಕೂರದೆ ದವಾಖಾನೆಗೆ ನಡೆಯಿರಿ. ಪಕ್ಕದ ಮನೆಗೂ ಇದನ್ನು ಹೇಳಿ. ಇಂದುಬಾಯಿಗೆ ಹೊತ್ತಿಗೆ ಸರಿಯಾಗಿ ಹೇಳುವವರು ಯಾರೂ ಇರಲಿಲ್ಲ.