ಊಟ ಬಿಟ್ಟು ಎದ್ದವಳು

ಹೆಣಕ್ಕೆ ಹೊದಿಸಿದ್ದ ಬಾತಿಕ್ ಬಟ್ಟೆಯ ಅಡಿಗೆ ಕೈ ತೂರಿಸಿ ಹೊಟ್ಟೆಯನ್ನು ಮೆಲ್ಲಗೆ ಒತ್ತಲು ಹೋದ ಮೊಕ್ ಸೂ ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಉಳಿದ ಕಲ್ಮಷ ಹೊರಹೋಗಲೆಂದು ಹೀಗೆ ಒತ್ತಿದ ಮೇಲೆಯೇ ಸ್ನಾನ ಮುಂದುವರಿಯಬೇಕು. ಊರಿನ ಎಷ್ಟೋ ಹೆಂಗಸರನ್ನು ಕೊನೆಯ ಸಲ ಮೀಯಿಸಿದ್ದ ಆ ಮುದುಕಿಯ ಬೆರಳಿಗೆ ಇಂಥದ್ದು ಯಾವತ್ತೂ ಸಿಕ್ಕಿರಲಿಲ್ಲ.

“ಇಲ್ಲೇನೋ ಅಂಟಿಕೊಂಡಿದೆಯಲ್ಲೇ,” ಎಂದಳು.

ತಂಬಿಗೆ ಹಿಡಿದು ನಿಂತಿದ್ದ ಹಲಿಜಾ ಬಗ್ಗಿ ಬಟ್ಟೆಯ ಅಂಚು ಸರಿಸಿದಳು. ತಂಗಿಯ ಹೊಕ್ಕುಳಿನ ಎಡಕ್ಕೆ, ಸ್ವಲ್ಪ ಕೆಳಗೆ, ಮೈಬಣ್ಣದ ತೆಳುವಾದ ಚೀಲವೊಂದು ಚರ್ಮಕ್ಕೆ ಕಚ್ಚಿಕೊಂಡಿತ್ತು. ಕಲ್ಸೋಮ್‌ಗೆ ಹೊಟ್ಟೆಯಲ್ಲಿ ಗೆಡ್ಡೆಯಾಗಿ ಆಪರೇಷನ್ ಆದದ್ದು ಹಲಿಜಾಗೆ ಗೊತ್ತಿತ್ತು. ಈ ಚೀಲ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ತನ್ನ ಮಗಳ ಮದುವೆಯಾದಂದಿನಿಂದ ಅವಳು ತಂಗಿಯ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಈ ದಿನ ಬೆಳಿಗ್ಗೆ ಸುದ್ದಿ ಬಂದ ಮೇಲೆಯೇ ಹತ್ತಿದ್ದು.

ಕಿತ್ತರೆ ಚರ್ಮ ಬಂದುಬಿಟ್ಟರೆ, ಬಿಟ್ಟರೆ ಸ್ನಾನ ಸಲ್ಲದೆ ಹೋದರೆ ಎಂದು ಮೊಕ್ ಸೂಗೆ ಭಯ. ಪರದೆಯ ಆಚೆ ಗಂಡಸರು ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದರು. ಕೊನೆಗೆ ಅವಳೇ ಹೇಳಿದಳು: “ದೆರಾಮನ್‌ನ ಕರಿ. ಗಂಡ ಮೀಯಿಸಿದ್ರೆ ತಪ್ಪಿಲ್ಲ.”

ದೆರಾಮನ್ ಒಳಗೆ ಬಂದ. ದೋಣಿ ರಿಪೇರಿ ಮಾಡುವವನು. ಉಗುರಿನ ಸಂದಿನಲ್ಲಿ ಇನ್ನೂ ಕರಿ ಬಣ್ಣವಿತ್ತು. ಯಾರೂ ಏನೂ ಹೇಳಬೇಕಾಗಲಿಲ್ಲ. ಬೆಚ್ಚಗಿನ ನೀರು ಬೇಕೆಂದ, ಒಂದು ಮೆತ್ತನೆಯ ಬಟ್ಟೆ ಬೇಕೆಂದ. ಹಲಿಜಾ ತಂದುಕೊಟ್ಟಳು.

* * *

ಆಪರೇಷನ್ ಆದ ಮೇಲೆ ಪಟ್ಟಣದ ಆಸ್ಪತ್ರೆಯಲ್ಲಿ ಕಲ್ಸೋಮ್ ಬಹಳ ಹೊತ್ತು ತನ್ನ ಹೊಟ್ಟೆಯ ಕಡೆ ನೋಡಿರಲೇ ಇಲ್ಲ. ಗೆಡ್ಡೆಯಿದ್ದ ಭಾಗವನ್ನು ಕತ್ತರಿಸಿ, ಉಳಿದ ಕರುಳಿನ ತುದಿಯನ್ನು ಹೊರಗೆ ತಂದು ಹೊಟ್ಟೆಗೇ ಹೊಲಿದಿದ್ದರು. ಸೀಳಿದ ಕೆಂಪು ಸೀಬೆಹಣ್ಣಿನಂತೆ ಒದ್ದೆಯಾಗಿ ಕಾಣುತ್ತಿತ್ತು. ದೆರಾಮನ್ ನೋಡುತ್ತಿದ್ದಂತೆಯೇ ಅದು ತಾನಾಗಿ ಸ್ವಲ್ಪ ಮುದುಡಿ, ಮತ್ತೆ ಸಡಿಲವಾಯಿತು. ಅವನು ಹೆದರಿ ಹಿಂದೆ ಸರಿದ.

ಲಿಮ್ ಎಂಬ ನರ್ಸ್ ನಕ್ಕು, ತನ್ನದೇ ಹೊಟ್ಟೆಯ ಮೇಲೆ ಬೆರಳೆಳೆದು ತೋರಿಸಿದಳು. ದೊಡ್ಡ ಕರುಳು ಬಲಗಡೆ ಮೇಲಕ್ಕೆ ಹತ್ತಿ, ಅಡ್ಡ ಹಾದು, ಎಡಗಡೆ ಇಳಿಯುತ್ತದೆ. ಅದರೊಳಕ್ಕೆ ಬರುವಾಗ ಎಲ್ಲವೂ ಗಂಜಿಯಂತೆ ನೀರುನೀರು. ಅದನ್ನು ನಿಧಾನವಾಗಿ ಹಿಂದೆ ಮುಂದೆ ಕಲಕುತ್ತ, ನೀರನ್ನೂ ಉಪ್ಪನ್ನೂ ಹೀರಿ ಮೈಗೆ ಹಿಂದಿರುಗಿಸುವುದೇ ಕರುಳಿನ ಕೆಲಸ. ಅದಕ್ಕೆ ಅವಸರವೆಂಬುದಿಲ್ಲ. ಹೊಟ್ಟೆಗೆ ಊಟ ಬಿದ್ದಾಗ ಮಾತ್ರ, ಮೇಲಿನವರು ಬರುತ್ತಿದ್ದಾರೆ, ಜಾಗ ಮಾಡಿ ಎಂದಂತೆ ಒಮ್ಮೆಲೇ ದೊಡ್ಡ ನೂಕು ನೂಕುತ್ತದೆ.

“ಎಲ್ಲರಿಗೂ ಹೀಗೇನೇ,” ಎಂದಳು ಲಿಮ್. “ಆದರೆ ಅವರಿಗೆ ಕೆಳಗೆ ಬಿಗಿಹಿಡಿಯೋ ಸ್ನಾಯು ಇದೆ, ಹೊತ್ತು ನೋಡಿ ಹೋಗ್ತಾರೆ. ಇದಕ್ಕೆ ಬಾಗಿಲಿದೆ, ಚಿಲಕ ಇಲ್ಲ.”

ಮನೆಗೆ ಬಂದ ಮೇಲೆ, ಅದರ ಬಾಯಿಗೆ ಅಂಟಿಸಿ ಮಲ ಹಿಡಿಯುವ ಚೀಲವನ್ನು ಬದಲಿಸುವುದನ್ನು ದೆರಾಮನ್ ಕಲಿತ. ಮೊದಮೊದಲು ಕಲ್ಸೋಮ್ ಮುಖಕ್ಕೆ ಸೆರಗು ಹಾಕಿಕೊಂಡು ಮಲಗಿರುತ್ತಿದ್ದಳು. ಒಂದು ಬೆಳಿಗ್ಗೆ ಅವನು ಅವಳಿಗೆ ಅನ್ನ ತಿನ್ನಿಸಿ ಇನ್ನೂ ಕೈ ತೊಳೆದಿರಲಿಲ್ಲ, ಚೀಲದೊಳಗಿಂದ ಗುರ್ರೆಂದಿತು. ಸೆರಗಿನ ಒಳಗಿನಿಂದಲೇ ಅವಳು ಗಂಡನನ್ನು ಕರೆದು ಹೇಳಿದಳು: “ಅಬಾಂಗ್, ನಿಮಗಿಂತ ಇದೇ ವಾಸಿ. ಊಟ ಹಾಕಿದ ಕೂಡಲೇ ಕೆಲಸಕ್ಕೆ ಏಳುತ್ತೆ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ಆ ನಗು ಮನೆಯ ಹೊಸ್ತಿಲು ದಾಟಲಿಲ್ಲ. ಮಸೀದಿಯಲ್ಲಿ ಹೆಂಗಸರ ಸಾಲಿನಲ್ಲಿ ನಿಂತಾಗ ಸದ್ದಾದರೆ? ದೆರಾಮನ್ ಇನ್ಯಾರದೋ ವಿಷಯವೆಂಬಂತೆ ಇಮಾಮರನ್ನು ಕೇಳಿ ಬಂದ. ನಮಾಜು ಖಂಡಿತ ಸಲ್ಲುತ್ತದೆ ಎಂದಿದ್ದರು ಅವರು. ದೇವರು ಒಪ್ಪುತ್ತಾನೆ, ಪಕ್ಕದಲ್ಲಿ ನಿಂತವರು ಒಪ್ಪಬೇಕಲ್ಲ ಎಂದು ಕಲ್ಸೋಮ್ ಮನೆಯಲ್ಲೇ ಚಾಪೆ ಹಾಸಿಕೊಂಡಳು. ಮೀನು ರುಬ್ಬಿ ಕೆರೊಪೊಕ್ ಹೊಸೆಯುವ ಕೆಲಸವನ್ನೂ ಬಿಟ್ಟಳು. ತನ್ನ ಕೈಯ ತಿಂಡಿ, ತಿಳಿದರೆ ಯಾರು ತಿಂದಾರು?

* * *

ಹಲಿಜಾಳ ಮಗಳ ಮದುವೆಗೆ ಮಾತ್ರ ಹೋಗದೆ ಇರಲಾಗಲಿಲ್ಲ. ಹಿಂದಿನ ದಿನದಿಂದಲೇ ಉಪವಾಸವಿದ್ದು, ಸಡಿಲವಾದ ಉಡುಪು ತೊಟ್ಟು ಹೋದಳು. ಮದುಮಕ್ಕಳಿಗೆ ಅಕ್ಕಿ ಎರಚಿ ಹರಸಿ ಹಿಂದಿರುಗುವುದೆಂದು ಅಂದುಕೊಂಡಿದ್ದಳು. ಹಲಿಜಾ ಬಿಡಬೇಕಲ್ಲ. ಕೈಹಿಡಿದು ಗಂಡಿನ ಕಡೆಯ ಹೆಂಗಸರ ನಡುವೆ ಕೂರಿಸಿ, ತಾನೇ ಅನ್ನ, ಮಾಂಸ ಬಡಿಸಿ, ಎದುರಿಗೆ ಕುಳಿತಳು.

ಅಕ್ಕ ನೋಡುತ್ತಿದ್ದಳು. ಕಲ್ಸೋಮ್ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಬರಿದಾಗಿದ್ದ ಹೊಟ್ಟೆಗೆ ಅಷ್ಟು ಸಾಕಾಯಿತು. ಎಡಗೈಯಿಂದ ಪಕ್ಕೆ ಅದುಮಿಕೊಂಡು, ಕೈಯನ್ನೂ ತೊಳೆಯದೆ ಎದ್ದು ಹಿತ್ತಲ ಬಾಗಿಲಿನಿಂದ ಹೊರಟುಹೋದಳು.

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ನನ್ನ ಅನ್ನ ಅವಳಿಗೆ ಹಿಡಿಸಲಿಲ್ಲ, ಇನ್ನು ಅವಳ ಮನೆಯ ನೀರೂ ನನಗೆ ಬೇಡ ಎಂದು ಹಲಿಜಾ ಊರಿಗೆಲ್ಲ ಕೇಳುವ ಹಾಗೆ ಹೇಳಿದಳು. ಹೇಳಿದಂತೆ ನಡೆದುಕೊಂಡಳು. ತಂಗಿಗೆ ರೋಗ ಮರುಕಳಿಸಿದೆ ಎಂದು ತಿಳಿದಾಗಲೂ, ಅವಳಾಗಿ ಹೇಳಿಕಳಿಸಲಿ ಎಂದು ಕಾಯುತ್ತ ಕುಳಿತಳು.

* * *

ದೆರಾಮನ್ ಒಂದು ಕೈಯಿಂದ ಚರ್ಮವನ್ನು ಕೆಳಕ್ಕೆ ಒತ್ತಿಹಿಡಿದು, ಒದ್ದೆ ಬಟ್ಟೆಯಿಂದ ನೆನೆಸುತ್ತ, ಚೀಲವನ್ನು ಮೇಲಿನಂಚಿನಿಂದ ಬಿಡಿಸಿದ. ನೋವಾದೀತೇನೋ ಎಂಬಂತೆ ನಡುವೆ ಒಮ್ಮೆ ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಚೀಲ ಖಾಲಿಯಿತ್ತು. ಕೆಂಪಗಿದ್ದ ಕರುಳಿನ ತುದಿ ಬೂದಿಬಣ್ಣಕ್ಕೆ ತಿರುಗಿ ಸುರುಟಿಕೊಂಡಿತ್ತು.

“ಅವಳಿಗಿಂತ ಮೊದಲೇ ಇದು ನಿಂತುಬಿಡ್ತು, ಕಾಕ್,” ಎಂದು ಹೆಂಡತಿಯ ಅಕ್ಕನಿಗೆ ಹೇಳಿದ. “ಗಂಜಿ ಕುಡಿಸಿದೆ, ಬಿಸಿನೀರು ಕುಡಿಸಿದೆ. ಕೈಯಿಟ್ಟು ನೋಡ್ತಾನೇ ಇದ್ದೆ. ಅಲ್ಲಾಡಲಿಲ್ಲ. ಆಗಲೇ ನನಗೆ ಗೊತ್ತಾಯ್ತು.”

ಹಲಿಜಾ ನೀರು ಹೊಯ್ಯುತ್ತಿದ್ದಳು. ಅರ್ಧಕ್ಕೇ ನಿಲ್ಲಿಸಿ ತಂಬಿಗೆ ಕೆಳಗಿಟ್ಟಳು.

“ಮದುವೆ ದಿನ ಎದ್ದು ಹೋದದ್ದು ಇದಕ್ಕಾ?”

ಅವನು ಹೌದೆಂದು ತಲೆಯಾಡಿಸಿದ.

“ಒಂದು ಮಾತು ನನ್ನ ಹತ್ತಿರ ಹೇಳಬಾರದಿತ್ತಾ, ಮಾನ್?”

“ಹೇಳಬೇಡ ಅಂದಿದ್ದಳು.”

“ನನಗೂ?”

ದೆರಾಮನ್ ಬಟ್ಟೆಯನ್ನು ಹಿಂಡಿದ. ಮತ್ತೆ ನೀರಿಗೆ ಅದ್ದಿ ಇನ್ನೊಮ್ಮೆ ಹಿಂಡಿದ. “ನಿಮಗೇ, ಕಾಕ್.”

ಅವನು ಒರೆಸಿದ ಜಾಗಕ್ಕೆ ಮೊಕ್ ಸೂ ಹತ್ತಿಯಿಟ್ಟು ಮುಚ್ಚಿ, ಕರ್ಪೂರದ ನೀರು ಹೊಯ್ಯಲು ಹೇಳಿದಳು. ಬಿಳಿ ಬಟ್ಟೆ ಸುತ್ತುವಾಗ ಹಲಿಜಾ ತಂಗಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ತೆಗೆಯುವಂತೆ ಮೊಕ್ ಸೂ ಎರಡು ಸಲ ಹೇಳಬೇಕಾಯಿತು.

ಬಿಸಿಲೇರುವ ಮುಂಚೆ ಮಣ್ಣು ಮಾಡಿ ಬಂದರು. ಅಂಗಳದಲ್ಲಿ ನೆರೆಮನೆಯ ಹೆಂಗಸರು ದೊಡ್ಡ ಕಡಾಯಿಗಳಲ್ಲಿ ಅನ್ನ, ಮೀನಿನ ಸಾರು ಮಾಡಿದ್ದರು. ದೆರಾಮನ್‌ನನ್ನು ಗಂಡಸರು ತಮ್ಮ ನಡುವೆ ಕೂರಿಸಿಕೊಂಡಿದ್ದರು. ಅವನು ಬಡಿಸಿದ್ದನ್ನು ಬೆರಳಿನಿಂದ ಕಲಸುತ್ತಲೇ ಇದ್ದ.

ತಟ್ಟೆಗಳು ಸಾಲದೆ ಹಲಿಜಾ ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಒಂದು ಸಣ್ಣ ಪಾತ್ರೆಯಿತ್ತು. ಮುಚ್ಚಳ ತೆಗೆದಳು. ಹಿಂದಿನ ದಿನ ದೆರಾಮನ್ ಕಾಸಿದ್ದ ಗಂಜಿ, ಕಲ್ಸೋಮ್ ಒಂದೆರಡು ಗುಟುಕು ಕುಡಿದು ಬಿಟ್ಟದ್ದು. ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು, ವಾಸನೆ ತಿರುಗತೊಡಗಿತ್ತು.

ಅವಳು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತಳು. ಹೊರಗಿನಿಂದ ಯಾರೋ, ಅನ್ನ ಬಿಸಿಯಾಗಿದೆ, ಬಾ ಎಂದು ಕರೆದರು. ಹಲಿಜಾ ಬಲಗೈಯಿಂದ ಗಂಜಿಯನ್ನು ಬಾಯಿಗಿಟ್ಟುಕೊಂಡಳು, ನುಂಗಿದಳು, ಮತ್ತೆ ಕೈ ಹಾಕಿದಳು. ಮುಗಿದ ಮೇಲೆ ತಳಕ್ಕೆ ಹತ್ತಿದ್ದನ್ನು ಬೆರಳಿನಿಂದ ಬಳಿಯುತ್ತ ಕುಳಿತಳು.